ಇಪ್ಪತ್ತೈದು ಇಂಚಿನ ಬೊಟ್ಟು

ಮೊದಲು ಗುಳುಗುಳು, ಆಮೇಲೆ ಒಂದೇ ಸಮನೆ ಗುಂಯ್, ಕೊನೆಗೆ ಯಾರೋ ಗಟ್ಟಿಯಾಗಿ ನಿಟ್ಟುಸಿರು ಬಿಟ್ಟ ಹಾಗೆ ಹುಸ್ಸ್. ಮೂಡಿಗೆರೆ ಕಡೆಯ ಜಾವಳಿ ಹತ್ತಿರದ ಆ ಶೆಡ್ಡು ನೆನಪಾದರೆ ನನಗೆ ಮೊದಲು ಕೇಳಿಸುವುದು ಈ ಸದ್ದು. ಗುಂಯ್ ಎನ್ನುತ್ತಿದ್ದದ್ದು ಪ್ಯಾಕೆಟ್ಟಿನೊಳಗಿನ ಗಾಳಿ ಎಳೆಯುವ ಪಂಪು. ಹುಸ್ಸ್ ಎಂದರೆ ಪ್ಯಾಕೆಟ್ ಸೀಲ್ ಆಯಿತು, ಮಿಷನ್ನಿನ ಪೆಟ್ಟಿಗೆಯೊಳಕ್ಕೆ ಗಾಳಿ ವಾಪಸ್ ಬಂತು, ಮುಚ್ಚಳ ತೆಗೆಯಬಹುದು ಎಂದು. ಈ ಎರಡು ಸದ್ದಿನ ನಡುವಿನ ಅರ್ಧ ನಿಮಿಷ ಒಬ್ಬಳು ಹೆಂಗಸು ಗಡಿಯಾರದಂಥ ಡಯಲ್ಲಿಗೆ ಮೂಗು ತಾಗಿಸುವಷ್ಟು ಬಗ್ಗಿ, ಮುಳ್ಳನ್ನೇ ನೋಡುತ್ತ, ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು. ಪಂಪಿನ ಜೊತೆ ಅವಳೂ ಗಾಳಿ ಎಳೆಯುತ್ತಿದ್ದಾಳೇನೋ ಅನಿಸುತ್ತಿತ್ತು.

ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಮಿಷನ್ ಅಕ್ಕ ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ನಮ್ಮ ಕಡೆಯ ಸಣ್ಣ ಬೆಳೆಗಾರರ ಮನೆಯ ಹೆಂಗಸರು ಹದಿನಾಲ್ಕು ಜನ ಸೇರಿ ಕಟ್ಟಿಕೊಂಡ ಸಂಘ ಅದು. ಒಳ್ಳೆಯ ಕಾಫಿ ಬೀಜವನ್ನು ಹುರಿಯದೆ ಹಸಿರಾಗಿಯೇ ಇಟ್ಟು, ಕೆಟ್ಟದ್ದನ್ನು ಕೈಯಲ್ಲಿ ಆರಿಸಿ ತೆಗೆದು, ಕಿಲೋ ಕಿಲೋ ಪ್ಯಾಕೆಟ್ ಮಾಡಿ ದೂರದೂರಿಗೆ ಕಳಿಸುವ ಕೆಲಸ. ನಮ್ಮ ಮಳೆಗಾಲದ ಗಾಳಿ ತಗುಲಿದರೆ ಆ ಬೀಜ ಊದಿ ಬಿಳಿಚಿಕೊಳ್ಳುತ್ತದೆ, ರುಚಿ ಹೋಗುತ್ತದೆ. ಗಾಳಿ ತೆಗೆದು ಸೀಲ್ ಮಾಡಿದರೆ ಪ್ಯಾಕೆಟ್ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ, ಬೀಜ ಒಂದು ವರ್ಷ ಹಸಿರಾಗಿ ಉಳಿಯುತ್ತದೆ. ಅದಕ್ಕೇ ಮಿಷನ್ ತರಿಸಿದ್ದು.

ಮಿಷನ್ ಅಕ್ಕ ಇಪ್ಪತ್ತು ವರ್ಷ ಬೀಜ ಆರಿಸಿದವಳು. ಗಾರ್ಬ್ಲಿಂಗ್ ಎಂದು ನಾವು ಹೇಳುವ ಆ ಕೆಲಸದಲ್ಲಿ ದಿನವಿಡೀ ಕತ್ತು ಬಗ್ಗಿಸಿ ಕೂತು, ಮುರುಕು, ಕಪ್ಪು, ಹುಳ ಹೊಡೆದದ್ದು ಅಂತ ಬೆರಳಲ್ಲೇ ಬೇರೆ ಮಾಡಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಮಿಷನ್ ಬಂದ ದಿನ ಎಲ್ಲರಿಗಿಂತ ಮುಂದೆ ಹೋಗಿ ನಿಂತು, "ನಾನು ಕಲೀತೀನಿ" ಎಂದಳಂತೆ. ವಾರದೊಳಗೆ ಕಲಿತಳು. "ಅಮ್ಮಾ, ಇಪ್ಪತ್ತು ವರ್ಷ ಆದ್ಮೇಲೆ ನಿಂತ್ಕಂಡು ಕೆಲ್ಸ ಮಾಡ್ತಾ ಇದೀನಿ. ನನ್ ಎತ್ರ ಎಷ್ಟು ಅಂತ ಈಗ ಗೊತ್ತಾಯ್ತು" ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ನನಗೆ ಈ ಮಾತು ಆಗಾಗ ನೆನಪಾಗುತ್ತದೆ, ಯಾಕೆಂದರೆ ಅವಳನ್ನು ಆ ನಿಂತ ಜಾಗದಿಂದ ಕೆಳಗೆ ಕೂರಿಸಿದ್ದು ನಾನೇ.

ನನಗೆ ಆಗ ಎಪ್ಪತ್ತೆಂಟು. ಶೆಡ್ಡಿನಲ್ಲಿ ನನಗೆ ಯಾವ ಪೋಸ್ಟೂ ಇರಲಿಲ್ಲ. ಇಂಗ್ಲಿಷ್ ಕಾಗದ ಬಂದಾಗ ಓದಿ ಹೇಳುವುದು, ಉತ್ತರ ಬರೆದುಕೊಡುವುದು, ಟೀ ಕುಡಿಯುವುದು. ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಹತ್ತು ವರ್ಷ ಇದ್ದ ನನ್ನ ಇಂಗ್ಲಿಷ್ ಒಂದು ಕಾಲಕ್ಕೆ ಈ ಸೀಮೆಯಲ್ಲಿ ಫೇಮಸ್ಸು. ಈಗಿನ ಮಕ್ಕಳು ನನಗಿಂತ ಸರಾಗವಾಗಿ ಮಾತಾಡುತ್ತಾರೆ, ಆದರೆ ಮಿಷನ್ನಿನ ಜೊತೆ ಬಂದ ಪುಸ್ತಕವನ್ನು ಕೂತು ಓದುವ ತಾಳ್ಮೆ ಯಾರಿಗಿದೆ?

ಅದೊಂದು ಬೆಳಿಗ್ಗೆ ಸಂಘದ ಸೆಕ್ರೆಟರಿ ನಮ್ಮ ಮನೆ ಬಾಗಿಲಿಗೇ ಬಂದರು. ಹಿಂದೆ ಅಂಗನವಾಡಿ ಟೀಚರ್ ಆಗಿದ್ದವರು, ಐವತ್ತರ ಹೆಂಗಸು, ಮಾತಿನಲ್ಲೂ ನಡಿಗೆಯಲ್ಲೂ ಅವಸರ. ಒಂದು ಕೈಯಲ್ಲಿ ಮಿಷನ್ನಿನ ಪುಸ್ತಕ, ಇನ್ನೊಂದರಲ್ಲಿ ಬೀಜ ಕೊಳ್ಳುವವರು ಕಳಿಸಿದ ಒಂದು ಹಾಳೆ.

"ಅಮ್ಮಾ, ಇದೆಂತ ನೋಡಿ. ಪ್ಯಾಕೆಟ್ ಒಳಗೆ ಗಾಳಿ ಒತ್ತಡ ಅರವತ್ತೈದು ಮಿಲಿಬಾರ್‌ಗಿಂತ ಕಮ್ಮಿ ಇರ್ಬೇಕಂತೆ. ನಮ್ ಡಯಲ್ಲಲ್ಲಿ ಇರೋದು ಇಂಚು. ಪುಸ್ತಕದಲ್ಲಿ ಟಾರ್ ಅಂತ ಬೇರೆ ಬರ್ದಿದಾರೆ. ಗಾಳಿ ತೆಗಿಯಕ್ಕೆ ಮೂರು ಭಾಷೆ ಬೇಕಾ ಮಾರಾಯ್ತಿ!" ಎಂದವರು, ಮಾರಾಯ್ತಿ ಎಂದದ್ದು ನನಗೆ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡರು.

ನನಗೆ ಖುಷಿಯೇ ಆಯಿತು. ಇಂಥ ಪ್ರಶ್ನೆ ಯಾರಾದರೂ ಕೇಳಿ ಅರವತ್ತು ವರ್ಷವಾಗಿತ್ತು. ಬೋರ್ಡಿಂಗಿನ ಫಿಸಿಕ್ಸ್ ಸಿಸ್ಟರ್ ನೆನಪಾದರು. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಮಸಿ ಬೀಳದಂತೆ ಲ್ಯಾಬಿನಲ್ಲಿ ಓಡಾಡುತ್ತಿದ್ದ ಅವರು, ಗಾಜಿನ ಉದ್ದನೆಯ ನಳಿಗೆಯಲ್ಲಿ ಪಾದರಸ ತುಂಬಿ, ಬೋರಲು ಹಾಕಿ, ಅದು ಜಾರಿ ಜಾರಿ ಒಂದು ಕಡೆ ನಿಂತಾಗ, "ಗರ್ಲ್ಸ್, ಇಷ್ಟೆತ್ತರದ ಪಾದರಸವನ್ನು ಹೊತ್ತು ನಿಂತಿರುವುದು ನೀವು ಕಣ್ಣಿಗೆ ಕಾಣದ ಗಾಳಿ" ಎನ್ನುತ್ತಿದ್ದರು. ಮೂವತ್ತು ಇಂಚಿಗೆ ಒಂದು ಕೂದಲೆಳೆ ಕಡಿಮೆ. ಮಿಲಿಮೀಟರಿನಲ್ಲಿ ಏಳುನೂರ ಅರವತ್ತು. ಮಿಲಿಬಾರಿನಲ್ಲಿ ಸಾವಿರದ ಹದಿಮೂರು. ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು.

ಸೆಕ್ರೆಟರಿಯನ್ನು ಕೂರಿಸಿ, ಹಳೇ ಮದುವೆ ಕಾಗದವೊಂದರ ಹಿಂಬದಿಯಲ್ಲಿ ಲೆಕ್ಕ ಶುರುಮಾಡಿದೆ.

"ಟಾರ್ ಅಂದ್ರೆ ಹೆದರ್ಬೇಡಿ, ಒಂದು ಮಿಲಿಮೀಟರ್ ಪಾದರಸ ಅಷ್ಟೆ. ಇಪ್ಪತ್ತೈದು ಪಾಯಿಂಟ್ ನಾಲ್ಕು ಮಿಲಿಮೀಟರಿಗೆ ಒಂದು ಇಂಚು. ಮಳೆಗೆ ಹೇಗೋ ಹಾಗೆ."

"ಓ, ಅದು ಗೊತ್ತು ಬಿಡಿ" ಎಂದರು. ಗೊತ್ತಿಲ್ಲದೆ ಏನು? ನಮ್ಮಲ್ಲಿ ಪೇಪರಿನವರು ಮಳೆಯನ್ನು ಮಿಲಿಮೀಟರಿನಲ್ಲಿ ಬರೆಯುತ್ತಾರೆ, ಎಸ್ಟೇಟಿನವರು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ನಿನ್ನೆ ರಾತ್ರಿ ಎರಡು ಇಂಚು ನಲವತ್ತು ಸೆಂಟು ಹೊಯ್ಯಿತು ಎನ್ನದೆ ಯಾರ ಮನೆಯಲ್ಲೂ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಇಂಚು ಮಿಲಿಮೀಟರಿನ ಭಾಗಾಕಾರ ನಮ್ಮ ಊರಿನ ದನ ಕಾಯುವವರಿಗೂ ಬರುತ್ತದೆ.

"ಮಿಲಿಬಾರನ್ನ ಮೂವತ್ತನಾಲ್ಕರಿಂದ ಭಾಗಿಸಿದ್ರೆ ಇಂಚು ಬರುತ್ತೆ. ಅರವತ್ತೈದಕ್ಕೆ ಎರಡು ಇಂಚಿಗೆ ಸ್ವಲ್ಪ ಕಮ್ಮಿ."

"ಹಂಗಾರೆ ನಮ್ದು ಇಪ್ಪತ್ತೈದೂವರೆ ಬರ್ತಿದೆಯಲ್ಲ! ಎರಡು ಸಾಕಲ್ವ?"

"ಅಲ್ಲ ಕಣಮ್ಮ. ಕಣಜ ಇದೆ ಅಂದ್ಕೊಳ್ಳಿ. ಕಣಜದಿಂದ ಎಷ್ಟು ಭತ್ತ ತೆಗೆದ್ರಿ ಅನ್ನೋದು ಒಂದು ಲೆಕ್ಕ, ಎಷ್ಟು ಉಳೀತು ಅನ್ನೋದು ಇನ್ನೊಂದು. ಡಯಲ್ಲು ತೆಗೆದಿದ್ದನ್ನ ಹೇಳುತ್ತೆ. ಈ ಹಾಳೆಯವರು ಉಳಿದಿದ್ದನ್ನ ಕೇಳ್ತಿದಾರೆ. ಕಣಜದಲ್ಲಿ ಮೂವತ್ತು ಇದೆ. ಎರಡು ಉಳಿಬೇಕು ಅಂದ್ರೆ ಇಪ್ಪತ್ತೆಂಟು ತೆಗಿಬೇಕು."

ಪುಸ್ತಕ ತೆರೆದು ನೋಡಿದರೆ ಅಲ್ಲೂ ಅದೇ: ಮುಳ್ಳು ಇಪ್ಪತ್ತೆಂಟು ಇಂಚಿಗೆ ಬಂದ ಮೇಲೆ ಸೀಲ್ ಮಾಡಿರಿ. ನನ್ನ ಲೆಕ್ಕ ಪುಸ್ತಕದ ಜೊತೆ ಕೂಡಿಬಂದದ್ದಕ್ಕೆ ನನಗೆ ಆದ ಹೆಮ್ಮೆ ಹೇಳತೀರದು. ಅದೂ ಸಾಲದೆ ಎದ್ದು ಹೋಗಿ, ಹಾಲಿನ ಗೋಡೆಯ ಮೇಲೆ ಅಪ್ಪಯ್ಯನ ಕಾಲದಿಂದ ನೇತಾಡುವ ಹಿತ್ತಾಳೆ ಬಾರೋಮೀಟರಿನ ಗಾಜನ್ನು ಬೆರಳಿಂದ ಎರಡು ಸಲ ತಟ್ಟಿ ತೋರಿಸಿದೆ. "ನೋಡಿ, ಇವತ್ತಿನ ಗಾಳಿ. ಇಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತು."

ಸೆಕ್ರೆಟರಿಯ ಮುಖ ಇಳಿಯಿತು. "ಆದ್ರೆ ನಮ್ಮಲ್ಲಿ ಇಪ್ಪತ್ತೈದೂವರೆ ಮೇಲೆ ಹೋಗೋದೇ ಇಲ್ವಲ್ಲಮ್ಮ. ಕಂಪನಿ ಇಂಜಿನಿಯರಿಗೆ ಫೋನ್ ಮಾಡಿದ್ರೆ, ಮಿಷನ್ ಇಲ್ಲಿಂದ ಹೊರಡೋವಾಗ ಇಪ್ಪತ್ತೆಂಟು ಬಂದಿದೆ, ಆಪರೇಟರ್ ಮಿಸ್ಟೇಕ್ ಅಂತಾನೆ. ಮುಂದಿನ ವಾರ ಮೊದಲನೇ ಲೋಡು ಹೋಗ್ಬೇಕು. ಎಂತ ಮಾಡೋದು?"

ನಾನು ಕನ್ನಡಕ ಮಡಿಚಿ ಇಡುತ್ತ, ಸಿಸ್ಟರ್ ಅವರ ಧ್ವನಿಯಲ್ಲೇ ಹೇಳಿದೆ: "ಮಿಷನ್ ಸರಿ ಇದೆ, ಗಾಳಿ ಸರಿ ಇದೆ. ಹಾಗಾದ್ರೆ ನಡುವೆ ಇರೋರು ಸರಿ ಮಾಡ್ತಿಲ್ಲ."

ಆ ಮಾತು ನನ್ನ ಬಾಯಿಂದ ಬಂದು ಶೆಡ್ಡು ಮುಟ್ಟಲು ಒಂದು ಗಂಟೆ ಸಾಕಾಯಿತು. ಕಾನ್ವೆಂಟಿನಲ್ಲಿ ಓದಿದ ಅಮ್ಮನೇ ಹೇಳಿದ್ದಾರೆ ಎಂದ ಮೇಲೆ ಅಪೀಲು ಎಲ್ಲಿ? ಮಾರನೇ ದಿನ ಮಿಷನ್ನಿಗೆ ಪಿಯುಸಿ ಓದಿದ ಇನ್ನೊಬ್ಬಳನ್ನು ಹಾಕಿದರು. ಮಿಷನ್ ಅಕ್ಕ ವಾಪಸ್ ಗಾರ್ಬ್ಲಿಂಗ್ ಟೇಬಲ್ಲಿಗೆ.

ನಾನು ಟೀ ಹೊತ್ತಿಗೆ ಹೋದಾಗ ಅವಳು ಬೀಜದಿಂದ ಕಣ್ಣೆತ್ತಲಿಲ್ಲ. ಬೆರಳು ಮಾತ್ರ ಸರಸರ ಓಡುತ್ತಿತ್ತು.

"ಏನೇ, ಮಾತಾಡಲ್ವ?" ಎಂದೆ.

"ಮಾತಾಡಕ್ಕೆ ನಾನೇನು ಓದಿದೀನಾ ಅಮ್ಮ? ಮುಳ್ಳು ಮೇಲೆ ಹೋಗ್ದೆ ಇದ್ದಾಗ ಅದನ್ನ ಕೈ ಹಾಕಿ ತಿರುಗಿಸ್ಲಿಲ್ಲ, ಅದೇ ನನ್ ತಪ್ಪು." ಒಂದು ಕಪ್ಪು ಬೀಜವನ್ನು ಪಕ್ಕದ ಡಬ್ಬಕ್ಕೆ ಟಣ್ಣೆಂದು ಎಸೆದಳು. ಅಷ್ಟು ಬೀಸಿ ಎಸೆಯಬೇಕಾದ ಅಗತ್ಯ ಆ ಬೀಜಕ್ಕೆ ಇರಲಿಲ್ಲ.

ಅತ್ತ ಪಿಯುಸಿ ಹುಡುಗಿಗೂ ಇಪ್ಪತ್ತೈದೂವರೆಯೇ ಬರುತ್ತಿತ್ತು. ಅವಳು ಪುಸ್ತಕಕ್ಕೆ ಮರ್ಯಾದೆ ಕೊಡುವವಳು, ಇಪ್ಪತ್ತೆಂಟು ಬರಲಿ ಎಂದು ಪಂಪನ್ನು ಓಡಿಸಿದಳು, ಓಡಿಸಿದಳು, ಓಡಿಸಿಯೇ ಓಡಿಸಿದಳು. ಮೂರನೇ ದಿನ ಎಣ್ಣೆ ಸುಟ್ಟ ವಾಸನೆ ಶೆಡ್ಡೆಲ್ಲ ತುಂಬಿತು. ಸೆಕ್ರೆಟರಿ ಓಡಿಬಂದು ಸ್ವಿಚ್ಚು ಆರಿಸಿ, ಮಿಷನ್ನಿಗೆ ಬೀಸಣಿಗೆಯಿಂದ ಗಾಳಿ ಹಾಕಿದರು. ಗಾಳಿ ತೆಗೆಯಬೇಕಾದ ಮಿಷನ್ನಿಗೆ ಗಾಳಿ ಹಾಕುವುದನ್ನು ನೋಡಿ ನನಗೆ ನಗು ಬಂತು. ಗಾರ್ಬ್ಲಿಂಗ್ ಟೇಬಲ್ಲಿನ ಕಡೆ ನೋಡಿದರೆ ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಮ್ಮಿಬ್ಬರ ನಡುವಿನ ಬಿಗಿ ಅಲ್ಲಿ ಒಂದು ಚೂರು ಸಡಿಲವಾಯಿತು.

ಪಂಪು ತಣಿಯುವ ತನಕ ಎಲ್ಲರಿಗೂ ಟೀ. ಪಕ್ಕದ ಅಂಗಡಿಯಿಂದ ಯಾರೋ ಚಿಪ್ಸ್ ಪ್ಯಾಕೆಟ್ಟುಗಳ ಒಂದು ಮಾಲೆಯನ್ನೇ ತಂದರು. ನಮ್ಮ ಕಡೆ ಅಂಗಡಿಗಳಲ್ಲಿ ಅವು ಹೊಟ್ಟೆ ಉಬ್ಬಿಸಿಕೊಂಡೇ ನೇತಾಡುತ್ತಿರುತ್ತವೆ. ಮಿಷನ್ ಅಕ್ಕ ಒಂದನ್ನು ಕಿತ್ತು, ಎರಡು ಅಂಗೈ ನಡುವೆ ಇಟ್ಟು ಠಪ್ಪೆಂದು ಒಡೆದು ನನ್ನ ಮುಂದೆ ಹಿಡಿದಳು.

"ಅಮ್ಮಾ, ಒಂದ್ ಮಾತು ಹೇಳ್ಲಾ? ಬೈಬಾರ್ದು."

"ಹೇಳು ಮಾರಾಯ್ತಿ."

"ನಮ್ ಅಕ್ಕನ್ ಮನೆ ಇರೋದು ಉಜಿರೆಲಿ. ಚಾರ್ಮಾಡಿ ಇಳಿದು ಹೋದ್ರೆ, ಅಲ್ಲಿ ಅಂಗಡೀಲಿ ಇದೇ ಚಿಪ್ಸು ಹಿಂಗೆ ಉಬ್ಬಿರಲ್ಲ. ಸಪ್ಪಗಿರುತ್ತೆ. ಹೋದ್ ತಿಂಗಳು ನಾನು ಸೀಲ್ ಮಾಡಿದ್ ಪ್ಯಾಕೆಟ್ ಒಂದು ತಗಂಡ್ ಹೋಗಿದ್ದೆ, ಅಕ್ಕಂಗೆ ತೋರ್ಸಕ್ಕೆ. ಘಟ್ಟ ಇಳಿದ್ಮೇಲೆ ನೋಡಿದ್ರೆ ಅದು ಇನ್ನೂ ಗಟ್ಟಿ ಆಗಿತ್ತು. ಕಲ್ಲು ಕಲ್ಲು. ನಾನು ಗಾಳಿ ಬಿಟ್ಟಿದ್ರೆ ಗಟ್ಟಿ ಹೆಂಗಾಗುತ್ತೆ? ಅಲ್ಲಿ ಗಾಳಿನೇ ಜಾಸ್ತಿ ಒತ್ತುತ್ತೆ ಅನ್ಸುತ್ತೆ ನಂಗೆ. ಬಸ್ಸಲ್ಲಿ ಕಿವಿ ಕಟ್ಟಲ್ವಾ, ಹಂಗೆ."

ನನ್ನ ಕೈಯ ಚಿಪ್ಸು ಬಾಯಿಯವರೆಗೆ ಹೋಗಲಿಲ್ಲ. ಅಲ್ಲಿ ಗಾಳಿ ಜಾಸ್ತಿ ಒತ್ತುತ್ತದೆ. ಅಲ್ಲಿ ಜಾಸ್ತಿಯಾದರೆ ಇಲ್ಲಿ ಕಡಿಮೆ. ಎಲ್ಲ ಸರಿಯೇ, ಹಾಗಾದರೆ ನಮ್ಮ ಮನೆ ಗೋಡೆಯ ಮೇಲೆ ಮೂವತ್ತಕ್ಕೆ ಒಂದು ಕೂದಲೆಳೆ ಕಡಿಮೆ ಹೇಗೆ ಬಂತು?

ಮನೆಗೆ ಹೋದವಳೇ ಬಾರೋಮೀಟರಿನ ಮುಂದೆ ನಿಂತೆ. ಗಾಜು ತಟ್ಟಿದೆ. ಟುಕ್ ಟುಕ್. ಆ ಸದ್ದಿನ ಹಿಂದೆಯೇ ಅಪ್ಪಯ್ಯ ಬಂದರು.

ಜೂನಿನಲ್ಲಿ ನನ್ನನ್ನು ಬೋರ್ಡಿಂಗಿಗೆ ಬಿಡಲು ಮಂಗಳೂರಿಗೆ ಬಂದಾಗಲೆಲ್ಲ ಅವರು ಬಂದರಿಗೆ ಹೋಗಿ, ಅಲ್ಲಿ ಬೋರ್ಡಿನ ಮೇಲೆ ಬರೆದಿರುತ್ತಿದ್ದ ಅಂದಿನ ಗಾಳಿಯ ಒತ್ತಡವನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಊರಿಗೆ ವಾಪಸ್ ಹೋದವರೇ ಬಾರೋಮೀಟರನ್ನು ಗೋಡೆಯಿಂದ ಇಳಿಸಿ, ಬೆನ್ನಿನ ಸಣ್ಣ ಸ್ಕ್ರೂ ತಿರುಗಿಸಿ, ಮುಳ್ಳನ್ನು ಚೀಟಿಯ ಅಂಕಿಗೆ ತಂದು ನಿಲ್ಲಿಸುವುದು. ಎಸ್ಟೇಟಿನ ಜನ ಹಲವರು ಹಾಗೇ ಮಾಡುತ್ತಿದ್ದರು. ಮಳೆ ಹೊರಡುವುದು ಸಮುದ್ರದಿಂದ ತಾನೇ, ಅದರ ಲೆಕ್ಕ ಇಟ್ಟರೆ ಸಾಕು ಎಂದು. ಮಳೆಯ ಮಟ್ಟಿಗೆ ಅದು ತಪ್ಪೂ ಅಲ್ಲ. ಏರುತ್ತಿದೆಯೋ ಇಳಿಯುತ್ತಿದೆಯೋ ಅಷ್ಟೇ ಬೇಕಾದದ್ದು. ಎಂಟು ವರ್ಷದ ನಾನು ಅಲ್ಲಿ ಡಾರ್ಮಿಟರಿಯಲ್ಲಿ ಮುಸುಕು ಹೊದ್ದು ಅಳುತ್ತಿದ್ದ ದಿನಗಳಲ್ಲಿ ಅಪ್ಪಯ್ಯ ಇಲ್ಲಿ ಗಾಜು ತಟ್ಟಿ, "ಮಗೂಗೆ ಇವತ್ತು ಅಲ್ಲಿ ಮಳೆ" ಎನ್ನುತ್ತಿದ್ದರಂತೆ. ಅಮ್ಮ ಎಷ್ಟೋ ವರ್ಷಗಳ ಮೇಲೆ ಹೇಳಿದ್ದು.

ಅಂದರೆ ನಾನು ಗಾಳಿಯ ತೂಕ ಕಲಿತದ್ದು ಕಡಲ ತಡಿಯಲ್ಲಿ. ಮನೆಯ ಬಾರೋಮೀಟರ್ ಹೇಳುತ್ತಿದ್ದದ್ದೂ ಕಡಲ ತಡಿಯ ಗಾಳಿ. ಇಷ್ಟು ವರ್ಷ ಬೆಟ್ಟದ ಮೇಲೆ ಕೂತು ಸಮುದ್ರದ ಲೆಕ್ಕ ಓದಿದವಳು ನಾನು, ಅದನ್ನು ನಂಬಿ ಒಬ್ಬಳ ಕೆಲಸ ತೆಗೆದೆ. ಬಸ್ಸಿನಲ್ಲಿ ಕಿವಿ ಕಟ್ಟಿದ್ದರಿಂದ ಅವಳು ತಿಳಿದುಕೊಂಡದ್ದು ನನಗೆ ಹೊಳೆಯಲಿಲ್ಲ. ಹತ್ತು ವರ್ಷ ಅದೇ ಘಟ್ಟದಲ್ಲಿ ನನ್ನ ಕಿವಿಯೂ ಕಟ್ಟಿತ್ತು.

ಮದುವೆ ಕಾಗದದ ಹಿಂಬದಿಯನ್ನು ಮತ್ತೆ ತೆಗೆದೆ. ಸಾವಿರ ಅಡಿ ಏರಿದರೆ ಪಾದರಸ ಹತ್ತಿರ ಹತ್ತಿರ ಒಂದು ಇಂಚು ಇಳಿಯುತ್ತದೆ, ಇದೂ ಸಿಸ್ಟರ್ ಹೇಳಿದ್ದೇ. ಆ ದಿನ ನನ್ನ ಗಮನ ಕಿಟಕಿಯ ಹೊರಗಿತ್ತೇನೋ. ನಮ್ಮ ತೋಟ ಎಷ್ಟು ಅಡಿ ಎತ್ತರ ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಕಾಫಿ ಮಾರುವಾಗ ಮೊದಲ ಪ್ರಶ್ನೆಯೇ ಅದು. ಮೂರು ಸಾವಿರದ ನೂರು. ಶೆಡ್ಡೂ ಅದೇ ಮಟ್ಟ. ಹಾಗಾಗಿ ನಮ್ಮ ಕಣಜದಲ್ಲಿ ಇರುವುದು ಮೂವತ್ತಲ್ಲ, ಸುಮಾರು ಇಪ್ಪತ್ತಾರು ಮುಕ್ಕಾಲು. ಎರಡು ಉಳಿಸಬೇಕಾದರೆ ಇಪ್ಪತ್ತೈದರ ಹತ್ತಿರ ತೆಗೆದರೆ ಸಾಕು. ಮಿಷನ್ ಅಕ್ಕ ತೆಗೆಯುತ್ತಿದ್ದದ್ದು ಇಪ್ಪತ್ತೈದೂವರೆ. ಉಳಿಯುತ್ತಿದ್ದದ್ದು ಒಂದೂ ಕಾಲು ಇಂಚು, ನಲವತ್ತೆರಡು ಮಿಲಿಬಾರ್. ಕಂಪನಿಯವರು ತಮ್ಮ ಊರಿನಲ್ಲಿ ಇಪ್ಪತ್ತೆಂಟು ತಂದು ಜಂಬ ಕೊಚ್ಚಿಕೊಂಡದ್ದಕ್ಕಿಂತ ಅವಳ ಪ್ಯಾಕೆಟ್ಟೇ ಒಂದು ಕೈ ಮೇಲು.

ಕಂಪನಿಯ ಇಂಜಿನಿಯರಿಗೆ ನಾನೇ ಫೋನ್ ಮಾಡಿದೆ, ಇಂಗ್ಲಿಷಿನಲ್ಲಿ. ನಿಮ್ಮ ಫ್ಯಾಕ್ಟರಿ ಸಮುದ್ರದಿಂದ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದೆ. ನಮ್ಮ ಕಾಂಪೌಂಡಿನಿಂದ ಸಮುದ್ರ ಕಾಣುತ್ತದೆ ಮೇಡಂ ಎಂದ. ನನ್ನ ಲೆಕ್ಕ ಒಪ್ಪಿಸಿದೆ. ಪಾಪ, ಒರಟನಲ್ಲ. ಆದರೆ, "ಥಿಯರಿ ಸರಿ ಮೇಡಂ, ಪ್ರಾಕ್ಟಿಕಲ್ ಆಗಿ ಪ್ರೂವ್ ಮಾಡ್ಬೇಕಲ್ಲ" ಎಂದ. ಸೆಕ್ರೆಟರಿಗೂ ಅದೇ ಅನುಮಾನ. "ಅಮ್ಮಾ, ಮೊನ್ನೆ ಇಪ್ಪತ್ತೆಂಟು ಅಂದ್ರಿ. ಇವತ್ತು ಇಪ್ಪತ್ತೈದು ಅಂತೀರಿ. ನಾಳೆ ಹಾಳೆ ಕಳಿಸಿದೋರು ಕೇಳಿದ್ರೆ ನಾನು ಯಾವ್ದು ಹೇಳ್ಲಿ?"

ನ್ಯಾಯವಾದ ಪ್ರಶ್ನೆಯೇ. ಒಂದು ಸಲ ತಪ್ಪು ತೀರ್ಪು ಕೊಟ್ಟ ಜಡ್ಜಿನ ಎರಡನೇ ತೀರ್ಪನ್ನು ಯಾರು ನಂಬುತ್ತಾರೆ?

ಆಗ ನೆನಪಿಗೆ ಬಂದದ್ದು ಸಿಸ್ಟರ್ ಅವರ ಇನ್ನೊಂದು ಆಟ. ಗಂಟೆಯಾಕಾರದ ಗಾಜಿನ ಮುಚ್ಚಳದೊಳಗೆ ಒಂದು ಲೋಟ ಬೆಚ್ಚಗಿನ ನೀರಿಟ್ಟು, ಕೈಪಂಪಿನಿಂದ ಗಾಳಿ ತೆಗೆದರೆ, ಒಲೆಯಿಲ್ಲದೆ ನೀರು ತಕಪಕ ಕುದಿಯುತ್ತಿತ್ತು. ನಾವು ಹುಡುಗಿಯರು ಕಿಟಾರನೆ ಕಿರುಚುತ್ತಿದ್ದೆವು. ಗಾಳಿ ಕಡಿಮೆಯಾದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಎಷ್ಟು ಗಾಳಿಗೆ ಎಷ್ಟು ಬಿಸಿ ಎನ್ನುವ ಟೇಬಲ್ಲನ್ನು ನನ್ನ ಮಗಳು ತನ್ನ ಫೋನಿನಲ್ಲಿ ಹುಡುಕಿಕೊಟ್ಟಳು. ಬೆರಳಿಟ್ಟು ನೋಡುತ್ತ ಹೋದೆ, ಅರವತ್ತೈದು ಮಿಲಿಬಾರಿನ ಎದುರಿಗೆ ಸಿಕ್ಕಿದ್ದು ನೂರು ಡಿಗ್ರಿ ಫ್ಯಾರನ್‌ಹೀಟ್. ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ. ಮಗಳು ಗಾಬರಿಯಾದಳು. ನೂರು ಡಿಗ್ರಿ ಎಂದರೆ ಮಕ್ಕಳಿಗೆ ಸ್ಕೂಲು ತಪ್ಪಿಸಿಕೊಳ್ಳಲು ಬೇಕಾಗುವಷ್ಟು ಜ್ವರ! ಅದನ್ನು ಅಳೆಯುವ ಪಾದರಸದ ಕಡ್ಡಿ ನನ್ನ ಔಷಧಿ ಡಬ್ಬಿಯಲ್ಲೇ ಇತ್ತು.

ಮಾರನೇ ದಿನ ಹನ್ನೊಂದು ಗಂಟೆಗೆ ಹದಿನಾಲ್ಕು ಜನರೂ ಮಿಷನ್ನಿನ ಸುತ್ತ. ಸೆಕ್ರೆಟರಿ ವೀಡಿಯೋ ಕಾಲಿನಲ್ಲಿ ಇಂಜಿನಿಯರನ್ನೂ ಕೂರಿಸಿದರು.

"ಮಿಷನ್ ಯಾರು ನಡ್ಸೋದು?" ಎಂದು ಕೇಳಿದರು.

"ಅವಳು" ಎಂದೆ.

ಮಿಷನ್ ಅಕ್ಕ ಟೇಬಲ್ಲಿನಿಂದ ಏಳಲಿಲ್ಲ. "ನಂಗೆ ಗಾಳಿ ತೆಗಿಯಕ್ಕೆ ಬರಲ್ವಲ್ಲ" ಎಂದಳು, ಬೀಜಕ್ಕೆ.

ಹದಿಮೂರು ಜನರ ಮುಂದೆ ನಾನು ಹೇಳಿದೆ: "ತಪ್ಪು ನಂದು. ನಾನು ಮಂಗಳೂರಿನ ಗಾಳಿ ಲೆಕ್ಕ ಹಾಕಿ ನಿನ್ನನ್ನ ಬೈಸಿದೆ. ಸಾರಿ. ಈಗ ಎದ್ದು ಬಾ ಮಾರಾಯ್ತಿ, ನೀರು ತಣ್ಣಗಾಗುತ್ತೆ."

ಎದ್ದಳು. ಕೈ ತೊಳೆದು, ಸೆರಗು ಸಿಕ್ಕಿಸಿ, ಪಿಯುಸಿ ಹುಡುಗಿಯನ್ನು ಮೊಣಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ ನಿಂತಳು.

ಗಾಜಿನ ಲೋಟದಲ್ಲಿ ನೀರು. ಜ್ವರದ ಕಡ್ಡಿ ಅದ್ದಿದೆವು, ನೂರಾ ಎರಡು. ಆರಲಿ ಎಂದು ಕಾದು, ಕಡ್ಡಿ ಕೊಡವಿ ಮತ್ತೆ ಅದ್ದಿದರೆ ನೂರು. "ಪಾಪ, ನೀರಿಗೆ ಜ್ವರ ಇಳೀತಾ ಇದೆ" ಎಂದರು ಯಾರೋ. ಲೋಟವನ್ನು ಪೆಟ್ಟಿಗೆಯೊಳಗಿಟ್ಟು, ದಪ್ಪ ಪಾರದರ್ಶಕ ಮುಚ್ಚಳ ಹಾಕಿ, ಮಿಷನ್ ಅಕ್ಕ ಸ್ವಿಚ್ಚು ಒತ್ತಿದಳು.

ಗುಳುಗುಳು. ಗುಂಯ್. ಮುಳ್ಳು ಹತ್ತು ದಾಟಿತು, ಇಪ್ಪತ್ತು ದಾಟಿತು. ನೀರು ಸುಮ್ಮನಿತ್ತು. ಇಪ್ಪತ್ತಮೂರು. ಇಪ್ಪತ್ತನಾಲ್ಕು. ನೀರು ಇನ್ನೂ ಸುಮ್ಮನೆ. ಎರಡನೇ ಸಲವೂ ತಪ್ಪಿದರೆ ನನ್ನ ಮಾನ ಹೋಗಲಿ, ಅವಳು ಇನ್ನೆಂದೂ ಆ ಟೇಬಲ್ಲಿನಿಂದ ಏಳುವ ಹಾಗಿಲ್ಲ. ಅವಳು ಮಾತ್ರ ಮೂಗನ್ನು ಡಯಲ್ಲಿಗೆ ತಾಗಿಸಿ, ಉಸಿರು ಬಿಗಿಹಿಡಿದು ನಿಂತಿದ್ದಳು. ಮುಳ್ಳು ಇಪ್ಪತ್ತೈದಕ್ಕೆ ಇನ್ನೇನು ತಾಗಬೇಕು, ಲೋಟದ ತಳದಿಂದ ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಸರಿಟ್ಟ ಪಾತ್ರೆಯಂತೆ ಇಡೀ ಲೋಟ ತಕಪಕ, ತಕಪಕ.

"ಕುದೀತು! ಕುದೀತು!" ಹದಿನಾಲ್ಕು ಜನರೂ ನಮ್ಮ ಬೋರ್ಡಿಂಗಿನ ಹುಡುಗಿಯರ ಹಾಗೇ ಕಿರುಚಿದರು. ಫೋನಿನೊಳಗಿಂದ ಇಂಜಿನಿಯರ್, "ಕ್ಯಾಮೆರಾ ಹತ್ರ ತನ್ನಿ, ಕ್ಯಾಮೆರಾ ಹತ್ರ ತನ್ನಿ" ಎಂದು ಕೂಗಿಕೊಳ್ಳುತ್ತಿದ್ದ, ಯಾರೂ ಕೇಳಿಸಿಕೊಳ್ಳಲಿಲ್ಲ.

ಹುಸ್ಸ್ ಎಂದಿತು. ಮಿಷನ್ ಅಕ್ಕ ಮುಚ್ಚಳ ತೆಗೆದು, ಧೈರ್ಯ ಮಾಡಿ ನೀರಿಗೆ ಬೆರಳು ಅದ್ದಿದಳು. "ಅಯ್ಯೋ, ಕುದ್ದ ನೀರು ಮೊದ್ಲಿಗಿಂತ ತಣ್ಣಗಿದೆ!"

"ಇಪ್ಪತ್ತೈದಕ್ಕೆ ಕುದೀತು ಅಂದ್ರೆ, ಉಳಿದಿರೋದು ಅರವತ್ತೈದು ಮಿಲಿಬಾರ್" ಎಂದು ನಾನು ಶುರುಮಾಡಿದೆ. ಅವಳು ನನ್ನನ್ನು ಮುಗಿಸಗೊಡಲಿಲ್ಲ. ಸೆಕ್ರೆಟರಿಯ ಕಡೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

"ಕೇಳಿಸ್ಕಂಡ್ರಾ? ಕಣಜದಲ್ಲಿ ಇಪ್ಪತ್ತೇಳೇ ಇಲ್ಲ. ಇಪ್ಪತ್ತೆಂಟು ನಾನು ಎಲ್ಲಿಂದ ತೆಗೀಲಿ?"

ಸೆಕ್ರೆಟರಿ ನಕ್ಕುಬಿಟ್ಟರು. ನಾನು ಅವರಿಗೆ ಹೇಳಿದ್ದ ಕಣಜದ ಕತೆ ಶೆಡ್ಡನ್ನೆಲ್ಲ ಸುತ್ತಿ ಬಂದಿತ್ತು.

ಆಮೇಲೆ ಅವಳು ಮಾಡಿದ ಕೆಲಸ ಯಾವ ಪುಸ್ತಕದಲ್ಲೂ ಇಲ್ಲ. ತನ್ನ ಹಣೆಯ ಕೆಂಪು ಸ್ಟಿಕ್ಕರ್ ಬೊಟ್ಟನ್ನು ಕಿತ್ತು, ಡಯಲ್ಲಿನ ಗಾಜಿನ ಮೇಲೆ ಇಪ್ಪತ್ತೈದರ ಎದುರಿಗೆ ಅಂಟಿಸಿದಳು. "ಇನ್ಮೇಲೆ ಯಾರೂ ಲೆಕ್ಕ ಹಾಕ್ಬೇಡಿ. ಮುಳ್ಳು ಬೊಟ್ಟು ದಾಟಿದ್ರೆ ಸೀಲು." ಹಾಳೆ ಕಳಿಸಿದ್ದವರಿಗೆ ನಾನು ಎರಡು ಪುಟ ಕಾಗದ ಬರೆದೆ, ವೀಡಿಯೋ ಜೊತೆಗೆ ಹೋಯಿತು. ಮೊದಲ ಲೋಡು ಒಂದೂ ತಕರಾರಿಲ್ಲದೆ ಒಪ್ಪಿಗೆಯಾಯಿತು. ಪಿಯುಸಿ ಹುಡುಗಿ ಅವಳಿಗೇ ಅಸಿಸ್ಟೆಂಟ್ ಆದಳು, ಇಬ್ಬರೂ ಸರದಿಯಲ್ಲಿ ನಿಂತರು.

ನಾನು ಮನೆಗೆ ಬಂದು ಬಾರೋಮೀಟರಿನ ಬೆನ್ನಿನ ಸ್ಕ್ರೂ ತಿರುಗಿಸಿ ನಮ್ಮ ನಿಜವಾದ ಗಾಳಿಗೆ ತಂದು ನಿಲ್ಲಿಸೋಣ ಎಂದು ಸ್ಕ್ರೂಡ್ರೈವರ್ ಹಿಡಿದೆ. ಮನಸ್ಸು ಬರಲಿಲ್ಲ. ಅದು ಈಗಲೂ ಮಂಗಳೂರಿನದ್ದನ್ನೇ ಹೇಳುತ್ತದೆ.

ಒಂದು ವರ್ಷ ಕಳೆದ ಮೇಲೆ ಕಳಸದಲ್ಲಿ ಹೆಂಗಸರ ಇನ್ನೊಂದು ಸಂಘ ಅದೇ ಥರದ ಮಿಷನ್ ತರಿಸಿತು. ಅಲ್ಲೂ ಇಪ್ಪತ್ತೆಂಟು ಬರಲಿಲ್ಲ. ಇಂಜಿನಿಯರ್ ಈ ಸಲ ಆಪರೇಟರನ್ನು ಬೈಯಲಿಲ್ಲ. ಮೂಡಿಗೆರೆ ಹತ್ತಿರ ಒಬ್ಬರು ಅಕ್ಕ ಇದ್ದಾರೆ, ಅವರನ್ನು ಕರೆಸಿ ಎಂದನಂತೆ. ಕರೆಸಿದವರು ಅವಳ ಕೆಲಸ ನೋಡಿ, ಇಲ್ಲೇ ಇದ್ದು ಶೆಡ್ಡು ನೋಡಿಕೊಳ್ಳಿ, ಮನೆಯನ್ನೂ ಕೊಡುತ್ತೇವೆ ಎಂದರು. ಅವಳು ಮೂರು ದಿನ ಯೋಚಿಸಿ ಹ್ಞೂಂ ಎಂದಳು. ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಕಳಸ ನಮಗಿಂತ ಸ್ವಲ್ಪ ತಗ್ಗು, ಅಲ್ಲಿ ಬೊಟ್ಟು ಇಪ್ಪತ್ತೈದರ ಮೇಲೆ ಒಂದು ಗೆರೆ ಮುಂದಿದೆಯಂತೆ. ನನ್ನ ಮಂಡಿ ಅಷ್ಟು ದೂರದ ತಿರುವುಗಳಿಗೆ ಒಪ್ಪುವುದಿಲ್ಲ. ಅವಳಿಗೆ ರಜೆ ಸಿಗುವುದಿಲ್ಲ.

ಅವಳು ಹೊರಟ ದಿನ ಮಗಳ ಜೀಪಿನಲ್ಲಿ ಮೂಡಿಗೆರೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಕಳಸದ ಬಸ್ಸು ತುಂಬಿತ್ತು. ಕಿಟಕಿ ಪಕ್ಕ ಸೀಟು ಹಿಡಿದು, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಪಾದರಸದ ಜ್ವರದ ಕಡ್ಡಿಯನ್ನು ಅದರ ಡಬ್ಬಿಯ ಸಮೇತ ಕಿಟಕಿಯಿಂದ ಒಳಗೆ ಕೊಟ್ಟೆ.

"ಅಲ್ಲಿ ಎಷ್ಟು ಇಂಚಿಗೆ ಕುದಿಯುತ್ತಮ್ಮಾ?" ಎಂದಳು.

ಮದುವೆ ಕಾಗದ ನನ್ನ ಪರ್ಸಿನಲ್ಲೇ ಇತ್ತು, ಲೆಕ್ಕ ಹಾಕಿಯೇ ಬಂದಿದ್ದೆ. ಹೇಳಲಿಲ್ಲ. "ನೀರನ್ನೇ ಕೇಳು. ನಾನು ಹೇಳಿದ್ರೆ ಮಂಗಳೂರಿಂದು ಹೇಳ್ಬಿಡ್ತೀನಿ" ಎಂದೆ.

ಅವಳು ಕಿಟಕಿಯ ಸರಳಿಗೆ ಹಣೆ ತಾಗಿಸಿ ನಕ್ಕಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಡುತ್ತಾ ಇರುವಾಗ ಅವಳು ಚೀಲಕ್ಕೆ ಕೈಹಾಕಿ ಒಂದು ಹೊಸ ಬೊಟ್ಟಿನ ಪ್ಯಾಕೆಟ್ ತೆಗೆದು ನನಗೆ ಕಾಣುವಂತೆ ಎತ್ತಿ ಹಿಡಿದಳು. ಬಸ್ಸು ತಿರುವು ದಾಟುವ ತನಕ ಆ ಕೈ ಕಿಟಕಿಯ ಹೊರಗೇ ಇತ್ತು. ನಾನು ಅವಳನ್ನು ನೋಡಿದ್ದು ಅದೇ ಕೊನೆ.